ಕಾರ್ಕಳದ ಹಿರಿಯ ತಜ್ಞರು

ಕಾಪುವಿನ ನಮ್ಮ ಮನೆಯಿಂದ ಅತ್ತೆಯವರ ಹುಂಜ ಕಳವಾಗದೆ ಇದ್ದಿದ್ದರೆ ನನ್ನ ಮೊದಲ ಸಂಶೋಧನಾ ಲೇಖನ ಹುಟ್ಟುತ್ತಲೇ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಆಗಷ್ಟೇ ಮಣಿಪಾಲದ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಕಲಿಸಲು ಸೇರಿದ್ದೆ. ಮನೆಯಲ್ಲೇ ಅಪರಾಧ ನಡೆದಾಗ ಸುಮ್ಮನಿರುವುದು ಹೇಗೆ?

"ಅತ್ತೆ, ಸ್ಟೇಷನ್ನಿಗೆ ದೂರು ಕೊಡುವ" ಎಂದೆ.

"ನಿನಗೆಂತ ಮರ್ಲಾ, ತಲೆ ಸರಿ ಉಂಟಾ? ಕೋಳಿಗೋಸ್ಕರ ಯಾರಾದರೂ ಸ್ಟೇಷನ್ನಿಗೆ ಹೋಗ್ತಾರಾ? ಮಾನ ಹೋಗ್ತದೆ!"

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಪೊಲೀಸರವರೆಗೆ ಹೋಗದ ಕಳವುಗಳ ಬಗ್ಗೆ ಬರೆಯಬೇಕು ಎಂದು ನಿರ್ಧರಿಸಿದೆ. ಕೋಳಿ ಕಳಕೊಂಡವರು ಬೇಕಾದಷ್ಟು ಸಿಕ್ಕಿದರು. ಕದ್ದವರು ಮಾತ್ರ ಸಿಗಲಿಲ್ಲ. ಕೊನೆಗೆ ಕಾರ್ಕಳದಲ್ಲಿದ್ದ ಅತ್ತೆಯ ತಂಗಿ ದಾರಿ ತೋರಿಸಿದರು: "ನಮ್ಮ ಪಕ್ಕದ ಮನೆಯ ಅಜ್ಜ ಒಬ್ಬರು ಇದ್ದಾರೆ. ಪ್ರಾಯದಲ್ಲಿ ಅದೇ ಕೆಲಸ. ಈಗ ಬಿಟ್ಟಿದ್ದಾರೆ, ಪಾಪ, ಮೊಣಕಾಲು ನೋವು."

ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಕಾದಿದ್ದರು. ಸೊಸೆ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಸಾರು ಮಾಡ್ಲಿಕ್ಕೆ ಅಂತ ನಾನು ಒಂದು ಕೋಳಿಯನ್ನೂ ಮುಟ್ಟಿದವನಲ್ಲ ಟೀಚರೇ" ಎಂದು ಅವರು ಶುರು ಮಾಡಿದರು. "ಅಂಕದಲ್ಲಿ ಕಾದಾಡುವ ಹುಂಜ ಮಾತ್ರ. ಅದರಲ್ಲಿ ಒಂದು ಲಾಭ ಉಂಟು. ಕೋಳಿ ಅಂಕವೇ ಕಾನೂನಿಗೆ ವಿರುದ್ಧ, ಅಲ್ವಾ? ಹುಂಜದ ಯಜಮಾನ ದೂರು ಕೊಡ್ಲಿಕ್ಕೆ ಹೋದರೆ 'ಇದನ್ನು ಯಾಕೆ ಸಾಕಿದ್ದು?' ಅಂತ ಮೊದಲು ಅವನನ್ನೇ ಕೇಳ್ತಾರೆ. ಹಾಗಾಗಿ ಅವನೂ ಬಾಯಿ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಕೋಳಿ ಒಂದು ಕೂಗದಿದ್ದರೆ ಆಯ್ತು."

ನಾನು ಬರೆದುಕೊಳ್ಳುವುದನ್ನೇ ಅವರು ತೃಪ್ತಿಯಿಂದ ನೋಡುತ್ತಿದ್ದರು. "ಇದರಲ್ಲಿ ನನ್ನ ಹೆಸರು ಬರ್ತದಲ್ಲ?"

ಮಾಹಿತಿ ಕೊಟ್ಟವರ ಹೆಸರನ್ನು ಗುಟ್ಟಾಗಿ ಇಡಬೇಕೆಂಬ ನಿಯಮವನ್ನು ವಿವರಿಸಿದೆ. ಅವರ ಮುಖ ಬಾಡಿತು.

"ಕದ್ದದ್ದು ನಾನು, ಹೇಳಿದ್ದು ನಾನು, ಹೆಸರು ಮಾತ್ರ ನಿಮ್ಮದಾ?"

"ಹೆಸರು ಬಂದರೆ ನಾನು ತವರಿಗೆ ಹೋಗ್ತೇನೆ!" ಎಂದು ಬಾಗಿಲ ಹಿಂದಿನಿಂದ ಸೊಸೆಯ ಧ್ವನಿ ಬಂತು.

ತುಂಬ ಹೊತ್ತು ಮಾತಾಡಿ ರಾಜಿಗೆ ಬಂದೆವು. ಹೆಸರಿಲ್ಲ, ಆದರೆ 'ಕಾರ್ಕಳದ ಹಿರಿಯ ತಜ್ಞರು' ಎಂದು ಹಾಕಬೇಕು. ಪತ್ರಿಕೆಯ ಪರವಾಗಿ ಲೇಖನ ಪರಿಶೀಲಿಸುವವರು ಆ ಪದವನ್ನು ತೆಗೆಸುತ್ತಾರೆಂದು ನಂಬಿದ್ದೆ. ಅವರು ಪೂರ್ಣವಿರಾಮಗಳನ್ನೆಲ್ಲ ತಿದ್ದಿಸಿದರು, ತಜ್ಞರನ್ನು ಮುಟ್ಟಲಿಲ್ಲ.

ಲೇಖನ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆಮೇಲೆ ಮೌನ. ಹೊಸ ಶತಮಾನ ಬಂದು ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ ಕಾಲೇಜಿನಲ್ಲಿ ಹೊಸ ಪ್ರಶ್ನೆಯೊಂದು ಕಾಲಿಟ್ಟಿತು. ಎಷ್ಟು ಬರೆದಿರಿ ಎಂದಲ್ಲ, ನಿಮ್ಮನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂದು. ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ಎದುರಾದಾಗಲೆಲ್ಲ "ಸೈಟೇಶನ್ ಎಂತ ಆಯ್ತು ಮೇಡಂ?" ಎಂದು ಕೇಳುವರು. ನಾನು ಕಂಪ್ಯೂಟರಿನಲ್ಲಿ ನನ್ನದೇ ಹೆಸರನ್ನು ಹುಡುಕುವುದು, ಏನೂ ಸಿಗದೆ ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತುವುದು ರೂಢಿಯಾಯಿತು.

"ಸೈಟೇಶನ್ ಅಂದರೆ ಎಂತ?" ಎಂದು ಅತ್ತೆ ಒಂದು ದಿನ ಕೇಳಿದರು.

"ನಾನು ಬರೆದದ್ದನ್ನು ಬೇರೆಯವರು ಅವರ ಲೇಖನದಲ್ಲಿ ಹೇಳುವುದು. ಹೇಳಲಿಲ್ಲ ಅಂದರೆ ಯಾರೂ ಓದಲಿಲ್ಲ ಅಂತ."

"ಓದಿಯೂ ಹೇಳದೆ ಇರಬಹುದು ಮಾರಾಯ್ತಿ. ನನ್ನ ಪತ್ರೊಡೆ ತಿಂದವರು ಎಷ್ಟು ಮಂದಿ ಹೇಳಿದ್ದಾರೆ?"

ಆ ಮಳೆಗಾಲದಲ್ಲೇ ಒಂದು ಉಲ್ಲೇಖ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ದೂರದ ಯಾವುದೋ ದೇಶದ ಪ್ರಾಧ್ಯಾಪಕರು ಬರೆದಿದ್ದರು. ಕೂಡಲೇ ತೆರೆದು ಓದಿದೆ. ಲೇಖಕಿಯ ವಾದ ದುರ್ಬಲವಾಗಿದೆ, ಆದರೆ ಆಕೆ ಉದ್ಧರಿಸಿರುವ ಕಾರ್ಕಳದ ಹಿರಿಯ ತಜ್ಞರ ಅಭಿಪ್ರಾಯ ಅತ್ಯಂತ ಮೌಲಿಕವಾದದ್ದು ಎಂದಿತ್ತು. ಆ ತಜ್ಞರ ಬೇರೆ ಕೃತಿಗಳು ತಮಗೆ ಸಿಗಲಿಲ್ಲವೆಂದು ಅಡಿಟಿಪ್ಪಣಿಯಲ್ಲಿ ವಿಷಾದವನ್ನೂ ಸೂಚಿಸಿದ್ದರು.

ಸಿಟ್ಟು ಬರಬೇಕಿತ್ತು, ನಗು ಬಂತು. ಮುಖ್ಯಸ್ಥರು ಮಾತ್ರ ಒಳಗೆ ಏನಿದೆ ಎಂದು ನೋಡಲು ಹೋಗದೆ ವಾರ್ಷಿಕ ವರದಿಯಲ್ಲಿ 'ಒಂದು' ಎಂದು ಬರೆದು, ಕೈ ಕುಲುಕಿದರು.

ಆ ಭಾನುವಾರ ಅದರ ಪ್ರತಿ ಹಿಡಿದುಕೊಂಡು ಕಾರ್ಕಳಕ್ಕೆ ಹೋದೆ. ಅಜ್ಜ ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಸಾಲುಗಳಲ್ಲಿ ತಾವು ಎಲ್ಲಿದ್ದೇವೆಂದು ನನ್ನ ಬೆರಳಿಂದಲೇ ತೋರಿಸಿಕೊಂಡರು. ಅರ್ಥ ಹೇಳಿದೆ. ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಒಳಗಿದ್ದ ಸೊಸೆಯನ್ನು ಕರೆದು ಅವಳಿಗೂ ಹೇಳಿಸಿದರು.

"ನಿಮ್ಮ ಬಗ್ಗೆ ಎಂತ ಬರೆದಿದ್ದಾನೆ?"

"ನನ್ನ ವಾದ ಸರಿಯಿಲ್ಲವಂತೆ ಅಜ್ಜ."

ಅವರಿಗೆ ನಿಜವಾಗಿಯೂ ಬೇಸರವಾಯಿತು. ಕನ್ನಡಕ ತೆಗೆದು ಮಡಿಸಿಟ್ಟರು.

"ತಲೆಬಿಸಿ ಮಾಡ್ಬೇಡಿ ಟೀಚರೇ. ಮೊದಲನೇ ಸಲ ಹುಂಜ ಎತ್ಲಿಕ್ಕೆ ಹೋದಾಗ ನನಗೂ ನಾಯಿ ಕಚ್ಚಿತ್ತು" ಎಂದರು. ಮತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಸೈಕಲಿನ ವಿಷಯ ನಿಮಗೆ ಹೇಳಿಲ್ಲ ಅಲ್ವಾ? ಅದು ಇದಕ್ಕಿಂತ ದೊಡ್ಡ ಸಬ್ಜೆಕ್ಟ್."

ಸೊಸೆ ಹಣೆ ಚಚ್ಚಿಕೊಂಡಳು. ನಾನು ಪೆನ್ನು ತೆಗೆದೆ.