ಓಟು ಮುಗಿದ ಮೇಲಿನ ಕಡಲು

ಕಡಲಿಗೆ ಹೊರಟವರನ್ನು ಎಲ್ಲಿಗೆ, ಎಷ್ಟೊತ್ತಿಗೆ ಬರುತ್ತೀರಿ ಎಂದು ಕೇಳಬಾರದು. ಅಂಕೋಲೆಯ ದಂಡೆಯ ನಮ್ಮ ಕೇರಿಯಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಇದನ್ನು. ಅದಕ್ಕೇ ಆ ದಿನ ಆಯಿಯಾಗಲಿ ನಾನಾಗಲಿ ಬಾಯಿ ಬಿಡಲಿಲ್ಲ. ಅಪ್ಪ ಒಂದೇ ಕ್ಯಾನು ಎಣ್ಣೆ ಹೊತ್ತು ದೋಣಿಯತ್ತ ಹೋಗುವುದನ್ನು ನೋಡುತ್ತ ನಿಂತೆವು.

ದೋಣಿಯ ಇಂಜಿನ್ನಿಗೆ ಬೇಕಾದ ಚಿಮಣಿ ಎಣ್ಣೆಯನ್ನು ಸರ್ಕಾರ ಕಡಿಮೆ ದರಕ್ಕೆ ಕೊಡುತ್ತಿತ್ತು. ಹೋಗಲಿಕ್ಕೆ ಒಂದು ಕ್ಯಾನು, ಬರಲಿಕ್ಕೆ ಒಂದು. ಅಪ್ಪನ ಲೆಕ್ಕ ಅಷ್ಟೇ. ಚುನಾವಣೆ ಹತ್ತಿರ ಬಂದಾಗ ಸರ್ಕಾರಕ್ಕೆ ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕೇಳಿದಷ್ಟು ಎಣ್ಣೆ. ಅಪ್ಪ ಕಾರವಾರದ ಕಡೆಯ ನಡುಗಡ್ಡೆಗಳ ಆಚೆಗೂ ಹೋಗಿ ಬಲೆ ಬಿಟ್ಟ. ಬಂಗಡೆಯ ರುಚಿಗಿಂತ ಆ ದೂರದ ರುಚಿ ಹತ್ತಿತು. ಓಟಿನ ಎಣಿಕೆ ಮುಗಿದು, ಗೆದ್ದವರ ಪಟಾಕಿ ಸದ್ದು ಅಡಗಿದ್ದೇ ತಡ, ಎಣ್ಣೆ ಹಂಚುವ ಅಂಗಡಿಯವನು "ಮೇಲಿಂದ್ಲೇ ಬರಲಿಲ್ಲ" ಎಂದು ಒಂದೇ ಕ್ಯಾನು ಕೊಟ್ಟ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಂಬಿಗರು ನಾವೇ.

ಮಳೆಗಾಲ ಹತ್ತಿರವಾಗಿತ್ತು. ಕಡಲು ಕೆಡುವ ಮೊದಲು ನಾಲ್ಕು ಬುಟ್ಟಿ ಮೀನಾದರೂ ಸಿಗಲಿ ಎಂದು ಆ ದಿನ ಅಪ್ಪ, ಚಿಕ್ಕಪ್ಪ ಹೊರಟಿದ್ದರು. ಮಧ್ಯಾಹ್ನ ಪಡುಗಾಳಿ ಎದ್ದಿತು. ಉಳಿದ ದೋಣಿಗಳು ಒಂದೊಂದಾಗಿ ದಂಡೆಗೆ ಬಂದವು. ಪ್ರತಿ ಇಂಜಿನ್ನಿನ ಸದ್ದಿಗೂ ನಾನು ನೀರಂಚಿಗೆ ಓಡುತ್ತಿದ್ದೆ. ಹತ್ತಿರ ಬಂದರೆ ಬೇರೆಯವರು. ಆಮೇಲೆ ಇಂಜಿನ್ನಿನ ಸದ್ದೇ ಕೇಳಲಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಸಬ್ಸಿಡಿ ಎಂದರೇನು ಎಂದು ಪಾಠ ಮಾಡಿದ್ದರು. ಅದನ್ನು ನಿಲ್ಲಿಸಿದರೆ ದಂಡೆಯಲ್ಲಿ ಕಾಯುವವರಿಗೆ ಹೇಗಾಗುತ್ತದೆ ಎಂದು ಹೇಳಿರಲಿಲ್ಲ.

ಆಯಿ ಮರಳಿನ ಮೇಲೆ ಕುಳಿತೇ ಇದ್ದಳು. ನೆರೆಯ ಹೆಂಗಸರು ಚಹಾ ತಂದರು, ಕುಡಿಯಲಿಲ್ಲ. "ನೀ ಮನೆಗೆ ಹೋಗು, ದೀಪ ಹಚ್ಚು" ಎಂದಳು. ನಾನು ಹೋಗಲಿಲ್ಲ. ಹೋದರೆ ಅಪ್ಪ ಬರುವುದಿಲ್ಲ ಎಂಬ ಹುಚ್ಚು ಹೆದರಿಕೆ.

ಸೂರ್ಯ ಮುಳುಗಿದ ಮೇಲೆ ಇಬ್ಬರೂ ಹುಟ್ಟು ಹಾಕುತ್ತ ಬಂದರು. ಎಣ್ಣೆ ಅರ್ಧ ದಾರಿಯಲ್ಲೇ ಮುಗಿದಿತ್ತು. ಹುಟ್ಟು ಹಾಕಲು ಭಾರವೆಂದು ಬಲೆಯನ್ನು ಕಡಲಿನಲ್ಲೇ ಬಿಟ್ಟು ಬಂದಿದ್ದರು. ಅಪ್ಪನ ಅಂಗೈಯ ಚರ್ಮ ಸುಲಿದಿತ್ತು. ಮನೆಯಲ್ಲಿ ಆಯಿ ಅದಕ್ಕೆ ತೆಂಗಿನೆಣ್ಣೆ ಹಚ್ಚುತ್ತ ಕೇಳಿದಳು:

"ಮುಂದಿನ ಓಟು ಯಾವಾಗಂತೆ?"

"ಇನ್ನು ಐದು ವರ್ಷಕ್ಕೆ" ಎಂದ ಅಪ್ಪ.

ಅಷ್ಟು ಹೊತ್ತು ಕಣ್ಣು ಒದ್ದೆ ಮಾಡಿಕೊಳ್ಳದ ಆಯಿ ಆಗ ಅಳಲು ಶುರುಮಾಡಿದಳು.