ಸುಂದರಿ ಗಾಳಿ ಬಿಟ್ಟದ್ದು
ಸವಣೂರು ಪೇಟೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ತ್ಯಾಂಪಣ್ಣ, ೧೯೮೩ರಲ್ಲಿ ಕಂಪ್ರೆಸರಿನ ಟ್ಯಾಂಕಿನೊಳಗೆ ಗಾಳಿ ತುಂಬಿರುವಾಗಲೇ ಅಡಿಯ ಬಿರಡೆ ಬಿಚ್ಚಲು ಹೋದ. ಅದು ಸಿಡಿದು ಅವನ ಎಡಗಣ್ಣು ಹೋಯಿತು. ಅಂದಿನಿಂದ ಯಂತ್ರದ ಕೆಲಸ ಹೆಂಡತಿ ಸುಂದರಿಯದಾಯಿತು. ದಿನವೂ ಸಂಜೆ ಅವಳು ಮೋಟಾರು ನಿಲ್ಲಿಸಿ, ಗಾಳಿಯನ್ನೆಲ್ಲ ಹೊರಬಿಟ್ಟು, ಒತ್ತಡದ ಮುಳ್ಳು ಸೊನ್ನೆಗೆ ಇಳಿದ ಮೇಲೆಯೇ ಬಿರಡೆ ತೆಗೆದು ತುಕ್ಕುನೀರು ಬಸಿಯುತ್ತಿದ್ದಳು.

ಒಮ್ಮೆ ಅವಳು ಗಾಳಿ ಬಿಡುತ್ತಿರುವಾಗಲೇ ಟೈರಿಗೆ ಗಾಳಿ ತುಂಬಿಸಲು ಜೀಪೊಂದು ಬಂತು. "ಇನ್ನೆಷ್ಟು ಹೊತ್ತು ಮಾರಾಯ್ತಿ?" ಎಂದು ಡ್ರೈವರ್ ಹಾರನ್ ಒತ್ತಿದ.

"ಗಾಳಿ ಇರುವಾಗಲೇ ಬಿರಡೆ ತೆಗೆ, ಬೇಗ ಆಗ್ತದೆ," ಎಂದ ತ್ಯಾಂಪಣ್ಣ.

ಸುಂದರಿ ಸ್ಪ್ಯಾನರ್ ನೆಲಕ್ಕೆ ಬಿಸಾಡಿದಳು. "ನಿಮ್ಮ ಕಣ್ಣು ಹೋದದ್ದು ಸಾಕಾಗಲಿಲ್ವಾ? ನನ್ನದೂ ಹೋಗ್ಬೇಕಾ?"

ಅಷ್ಟರಲ್ಲಿ ಜೀಪು ಹೊರಟೇಹೋಯಿತು. "ಹೋಯ್ತಲ್ಲ ಗಿರಾಕಿ," ಎಂದು ತ್ಯಾಂಪಣ್ಣ ಗೊಣಗಿದ. ಅವಳು ಅವನಿಗೆ ಬೆನ್ನು ಹಾಕಿ, ಹಲ್ಲು ಕಚ್ಚಿಕೊಂಡು, ಮುಳ್ಳು ಇಳಿಯುವುದನ್ನೇ ಕಾದಳು.