ಹಲಗೆ ಮೇಲಿನ ಹಿಮ್ಮಡಿ

ನಮ್ಮ ದೊಡ್ಡಪ್ಪ ಇಪ್ಪತ್ತಮೂರು ವರ್ಷ ಒಂದೇ ವಾದ್ಯತಂಡದಲ್ಲಿ ಡ್ರಮ್ಸ್ ನುಡಿಸಿದರು. ತಂಡದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಗುಡುಗು. ಅವರ ಎಡಕ್ಕೆ ನಿಂತು ಬೇಸ್ ಗಿಟಾರ್ ನುಡಿಸುತ್ತಿದ್ದವರಿಗೆ ಕಂಬ ಎಂದು ಹೆಸರು. ಎಂಥ ಕುಣಿಸುವ ಹಾಡಿದ್ದರೂ ಅವರು ನಿಂತ ಜಾಗದಿಂದ ಅಲ್ಲಾಡುತ್ತಿರಲಿಲ್ಲ. ಬಲಗಾಲಿನ ಹಿಮ್ಮಡಿಯೊಂದು ಮಾತ್ರ ಹಲಗೆಯ ಮೇಲೆ ತಾಳಕ್ಕೆ ಏಳುತ್ತ ಬೀಳುತ್ತ ಇರುತ್ತಿತ್ತು.

ತಂಡದ ಅಭ್ಯಾಸ ನಡೆಯುತ್ತಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ತಗಡಿನ ಚಾವಣಿ, ಗೋಡೆಗೆ ಹೊಡೆದ ಹರಕು ಜಮಖಾನೆಗಳು, ಒಂದೇ ಕಿಟಕಿ. ವೇದಿಕೆಯ ಅಭ್ಯಾಸ ತಪ್ಪಬಾರದೆಂದು ಅಲ್ಲೂ ಮರದ ಹಲಗೆ ಹಾಸಿದ್ದರು. ಕಂಬನ ಸ್ಪೀಕರ್ ದೊಡ್ಡಪ್ಪನ ಎಡಗಿವಿಗೆ ಎರಡು ಮೊಳ ದೂರ. ದೊಡ್ಡಪ್ಪನ ಡ್ರಮ್ಸ್‌ನ ಹಿತ್ತಾಳೆ ತಟ್ಟೆಗಳು ಕಂಬನ ಬಲಗಿವಿಗೆ ಅದಕ್ಕಿಂತ ಹತ್ತಿರ. ದೊಡ್ಡಪ್ಪ ಹೊಸದಾಗಿ ಸೇರಿದಾಗ ಒಂದು ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರಂತೆ. ಕೀಬೋರ್ಡ್ ನುಡಿಸುತ್ತ ತಂಡ ನಡೆಸುವ ಮಾಸ್ಟರ್ ಅದನ್ನು ನೋಡಿ, "ಏನಯ್ಯಾ, ನೆಗಡಿನಾ? ಹುಷಾರಾದ್ಮೇಲೆ ಬಾ, ಸಂಗೀತ ಮಾಡೋಣ" ಎಂದರು. ಎಲ್ಲರೂ ನಕ್ಕರು. ಹತ್ತಿ ಅವತ್ತೇ ಕಿಟಕಿಯಿಂದಾಚೆ ಹೋಯಿತು.

ಕಿವಿ ಒಂದೇ ಸಲ ಹೋಗಲಿಲ್ಲ. ಮೊದಲು ಕುಕ್ಕರಿನ ಕೂಗು ಹೋಯಿತು, ಆಮೇಲೆ ಬಾಗಿಲ ಗಂಟೆ. ಅವುಗಳ ಬದಲು ಜೀರುಂಡೆಯ ಹಾಗೆ ಒಂದು ಸದ್ದು ತಲೆಯೊಳಗೆ ಬಂದು ಕೂತಿತು. ದೊಡ್ಡಮ್ಮ ಕರೆದರೆ ಅವರು ತಿರುಗುತ್ತಿರಲಿಲ್ಲ. "ಮದುವೆಯಾದ ಗಂಡಸರಿಗೆಲ್ಲ ಬರೋ ಕಾಯಿಲೆ ಬಿಡಿ" ಎಂದು ದೊಡ್ಡಮ್ಮ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ ಎಂದು ದೊಡ್ಡಪ್ಪನಿಗೆ ಗೊತ್ತಿತ್ತು. ತನ್ನ ಡ್ರಮ್ಮಿನ ಏಟು ಎದೆಗೆ, ತೊಡೆಗೆ ತಿಳಿಯುತ್ತಿತ್ತು. ಗಾಯಕಿಯ ದನಿ ಮಾತ್ರ ಎಲ್ಲೋ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು.

ಯಾರಿಗೂ ಹೇಳುವ ಹಾಗಿರಲಿಲ್ಲ. ಹಿಂದೆ ತುತ್ತೂರಿ ಊದುವವರಿಗೆ ಕಿವಿ ಮಂದವಾದಾಗ ಮಾಸ್ಟರ್ ಒಂದೇ ವಾರದಲ್ಲಿ ಅವರನ್ನು ಮನೆಗೆ ಕಳಿಸಿದ್ದರು. ಡ್ರಮ್ಸ್ ಹಿಂದಿನ ಆ ಸ್ಟೂಲು ಬಿಟ್ಟರೆ ತನಗೆ ಕೂರಲು ಬೇರೆ ಜಾಗವೇ ಇಲ್ಲ ಎನ್ನುವುದು ದೊಡ್ಡಪ್ಪನ ಎಣಿಕೆ. ಕೊನೆಗೆ ಒಂದು ಬೆಳಿಗ್ಗೆ ಗೋದಾಮಿನ ಹಿಂದಿನ ಓಣಿಯಲ್ಲಿ ಚಹಾ ಕುಡಿಯುತ್ತ ಕಂಬನಿಗೆ ಹೇಳಿದರು.

"ಮನೇಲಿ ಹೇಳಿದ್ಯಾ?"

"ಇಲ್ಲ. ನಿನಗೇ ಮೊದಲು."

ಕಂಬ ಲೋಟ ಕೆಳಗಿಟ್ಟು, "ಬೂಟು, ಸಾಕ್ಸ್ ಬಿಚ್ಚಿ ಕೂತ್ಕೋ. ಮಿಕ್ಕಿದ್ದು ನನಗೆ ಬಿಡು" ಎಂದರು.

ಅಂದಿನಿಂದ ದೊಡ್ಡಪ್ಪ ಬರಿಗಾಲಿನಲ್ಲಿ ನುಡಿಸತೊಡಗಿದರು. ಕಂಬನ ಹಿಮ್ಮಡಿಯ ಏಟು ಹಲಗೆಯಿಂದ ಅವರ ಎಡ ಅಂಗಾಲಿಗೆ ಬರುತ್ತಿತ್ತು. ಒಂದೇ ಸಮ ಬಿದ್ದರೆ ಹಾಗೇ ಮುಂದುವರಿ ಎಂದರ್ಥ. ಎರಡು ಸಲ ಬೇಗ ಬಿದ್ದರೆ ಗಾಯಕಿ ಪಲ್ಲವಿಗೆ ಮರಳುತ್ತಿದ್ದಾಳೆ, ಮೂರು ಬಿದ್ದರೆ ಹಾಡು ಮುಗಿಯುತ್ತಿದೆ. ಐದು ವರ್ಷ ಹೀಗೆ ನಡೆಯಿತು. ಬರಿಗಾಲು ಕಂಡು ಯಾರಾದರೂ ಕೇಳಿದರೆ ಕಂಬನೇ ಮುಂದೆ ಬಂದು, "ಅವನ ಸಾಕ್ಸ್ ವಾಸನೆಗೆ ಗಾಯಕಿಯ ಶ್ರುತಿ ತಪ್ಪುತ್ತೆ, ಅದಕ್ಕೇ ತೊಳೆಯಕ್ಕೆ ಹಾಕಿದೀವಿ" ಎನ್ನುತ್ತಿದ್ದರು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಅಭ್ಯಾಸ. ಮಾಸ್ಟರ್ ಬೆನ್ನು ತಿರುಗಿಸಿ ಬಗ್ಗಿ, ವೈರುಗಳ ಸಿಕ್ಕು ಬಿಡಿಸುತ್ತಲೇ, ಎರಡನೆಯ ಚರಣದಿಂದ ಹಾಡಿನ ವೇಗ ಅರ್ಧಕ್ಕೆ ಇಳಿಯಬೇಕು ಎಂದು ಹೇಳಿದರು. ಮಿಕ್ಕವರೆಲ್ಲ ತಲೆಯಾಡಿಸಿದರು. ಅವರು ಯಾತಕ್ಕೆ ತಲೆಯಾಡಿಸಿದರೆಂದು ದೊಡ್ಡಪ್ಪನಿಗೆ ತಿಳಿಯಲಿಲ್ಲ, ತಾವೂ ಆಡಿಸಿದರು.

ಎರಡನೆಯ ಚರಣ ಬಂತು. ಗಾಯಕಿ ನಿಧಾನವಾದಳು, ಮಾಸ್ಟರ್ ನಿಧಾನವಾದರು. ಡ್ರಮ್ಸ್ ಮತ್ತು ಬೇಸ್ ಮಾತ್ರ ಹಳೆಯ ವೇಗದಲ್ಲಿಯೇ ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಓಡಿದವು. ಹಿಮ್ಮಡಿ ಬದಲಾಗದಿದ್ದರಿಂದ ದೊಡ್ಡಪ್ಪನಿಗೆ ಏನೂ ಅನುಮಾನ ಬರಲಿಲ್ಲ. ಮಾಸ್ಟರ್ ಎರಡೂ ಕೈ ಮೇಲೆತ್ತಿದ್ದನ್ನು ಕಂಡ ಮೇಲೆಯೇ ನಿಲ್ಲಿಸಿದರು.

ಮಾಸ್ಟರ್ ಮೊದಲು ಕಂಬನ ಕಡೆ ನೋಡಿ ಏನೋ ಕೇಳಿದರು. ಕಂಬ ಗಿಟಾರ್ ಕೆಳಗಿಟ್ಟು ಅವರ ಹತ್ತಿರ ಹೋದರು. ದೊಡ್ಡಪ್ಪನಿಗೆ ಕಂಡದ್ದು ಕಂಬನ ಬೆನ್ನು, ಅದರಾಚೆ ಮಿಕ್ಕವರ ಮುಖ. ಗಾಯಕಿಯ ಕೈ ತನ್ನ ಕಿವಿಯ ತನಕ ಹೋಗಿ ತಟ್ಟನೆ ಕೆಳಗಿಳಿಯಿತು. ಎಲ್ಲರೂ ದೊಡ್ಡಪ್ಪನ ಕಡೆ ತಿರುಗಿದರು. ಕಂಬ ಅಂದದ್ದೇನೆಂದು ಗಾಯಕಿ ಆಮೇಲೆ ದೊಡ್ಡಮ್ಮನಿಗೆ ತಿಳಿಸಿದಳು: "ಅವನಿಗೆ ಕಿವಿ ಕೇಳಲ್ಲ ಮಾಸ್ಟರ್. ಐದು ವರ್ಷ ಆಯ್ತು. ನಾನೇ ಕಾಲಲ್ಲಿ ಹೇಳಿಕೊಟ್ಟು ಎಳ್ಕೊಂಡು ಬಂದಿದೀನಿ. ಇನ್ನು ನನ್ನ ಕೈಲಾಗಲ್ಲ."

ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ ದೊಡ್ಡಪ್ಪನಿಗೆ ಇದರ ಒಂದಕ್ಷರವೂ ಕೇಳಿರಲಿಲ್ಲ. ಮಾಸ್ಟರ್ ಸುತ್ತಿ ಬಂದು ಅವರ ಬೆನ್ನ ಹಿಂದೆ ನಿಂತು ಎರಡು ಸಲ ಕೂಗಿದರಂತೆ. ಎದುರಿನವರ ಕಣ್ಣು ತನ್ನ ತಲೆಯ ಮೇಲೆ ಹಾದು ಹಿಂದಕ್ಕೆ ಹೋದದ್ದನ್ನು ಕಂಡು ದೊಡ್ಡಪ್ಪ ತಿರುಗಿದರು. ಅಷ್ಟರಲ್ಲಿ ಮಾಸ್ಟರ್‌ಗೆ ಬೇಕಾದದ್ದು ತಿಳಿದಿತ್ತು.

"ಏಳು, ಗುಡುಗು" ಎಂದರು. ಅದು ತುಟಿಯಿಂದಲೇ ತಿಳಿಯಿತು.

ದೊಡ್ಡಪ್ಪ ಕಂಬನ ಕಡೆ ನೋಡಿದರು. ಕಂಬ ತಲೆ ತಗ್ಗಿಸಿ ಕೇಬಲ್ ಸುತ್ತುತ್ತಿದ್ದರು.

ಆಮೇಲೆ ಮೂರು ವಾರ ದೊಡ್ಡಪ್ಪ ಮನೆಯ ಹೊರಗೆ ಹೋಗಲಿಲ್ಲ. ಕೆಲಸ ಹೋದದ್ದಕ್ಕಿಂತ ಅವರನ್ನು ಕೊರೆಯುತ್ತಿದ್ದದ್ದು ಒಂದೇ ಮಾತು. "ಅವತ್ತು ಹಿಮ್ಮಡಿ ಯಾಕೆ ಬದಲಾಗಲಿಲ್ಲ? ಬೇಕಂತಲೇ ಮಾಡಿದ ಅವನು. ನನ್ನನ್ನ ಎಬ್ಬಿಸಬೇಕಂತ ಹೊಂಚು ಹಾಕಿದ್ದ." ಊಟಕ್ಕೆ ಕೂತಾಗಲೂ ಅದೇ. ದೊಡ್ಡಮ್ಮನಿಗೆ ಅವರದ್ದೇ ಬೇರೆ ಸಂಕಟ: "ಐದು ವರ್ಷ ನನಗೆ ಹೇಳದ್ದನ್ನ ಅವನಿಗೆ ಹೇಳಿದ್ರಲ್ಲ!"

ಒಂದು ಭಾನುವಾರ ಮಧ್ಯಾಹ್ನ ಕಂಬ ಮನೆಗೆ ಬಂದರು. ದೊಡ್ಡಪ್ಪ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕಂಬ ಕುರ್ಚಿಯ ತುದಿಯಲ್ಲಿ ಕೂತರು. ದೊಡ್ಡಮ್ಮ ಅವರ ಬಲಗಡೆಯಿಂದ ಚಹಾ ಹಿಡಿದು, "ತಗೊಳ್ಳಿ ಅಣ್ಣ" ಎಂದರು. ಅವರು ತಿರುಗಲಿಲ್ಲ. ದೊಡ್ಡಮ್ಮ ಇನ್ನೊಮ್ಮೆ ಜೋರಾಗಿ ಹೇಳಿದರು. ಕಂಬ ಗೋಡೆಯನ್ನೇ ನೋಡುತ್ತಿದ್ದರು. ಆ ಮುಖ ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಅವರು ಅದನ್ನು ಎಷ್ಟೋ ವರ್ಷ ತಾವೇ ಹೊತ್ತು ತಿರುಗಿದ್ದರು.

ಎದ್ದು ಬಂದು ಎದುರಿಗೆ ನಿಂತು ಕೇಳಿದರು: "ನಿನಗೆ ಯಾವಾಗಿಂದ?"

ಕಂಬ ಕಣ್ಣು ತಪ್ಪಿಸಲು ನೋಡಿದರು, ಆಗಲಿಲ್ಲ. "ಬಲಗಿವಿ ಪೂರ್ತಿ ಹೋಗಿ ಮೂರು ವರ್ಷ. ಎಡಗಡೇದೂ ಅಷ್ಟಕ್ಕಷ್ಟೇ. ಎಲ್ಲ ನಿನ್ನ ತಟ್ಟೆಗಳ ಕೃಪೆ ಕಣಯ್ಯ."

"ಮತ್ತೆ ಹಿಮ್ಮಡಿ?"

"ನಿನ್ನ ಮಣಿಕಟ್ಟು ನೋಡ್ಕೊಂಡು ಹಾಕ್ತಿದ್ದೆ."

ದೊಡ್ಡಪ್ಪ ಮೆಲ್ಲಗೆ ಕೂತರು. ಮೂರು ವರ್ಷದಿಂದ ಅವರ ಕಾಲಿಗೆ ಬರುತ್ತಿದ್ದದ್ದು ಅವರದೇ ಕೈಯ ಸುದ್ದಿ. ಹಾಡುಗಳೆಲ್ಲ ಇಬ್ಬರಿಗೂ ಬಾಯಿಪಾಠವಾದ್ದರಿಂದ ಹೇಗೋ ನಡೆದುಹೋಗಿತ್ತು.

"ಮಾಸ್ಟರ್ ಮೊದಲು ನನ್ನನ್ನೇ ಕೇಳಿದ್ರು" ಎಂದರು ಕಂಬ. "ಭಯ ಆಯ್ತು. ನಿಂದು ಹೇಳಿಬಿಟ್ರೆ ನನ್ನ ಕಡೆ ನೋಡಲ್ಲ ಅಂತ..."

"ನಾನು ನಿನಗೆ ಹೇಳಿದ ಹಾಗೆ ನೀನೂ ಹೇಳಿದ್ದಿದ್ರೆ ಇಬ್ಬರೂ ಒಟ್ಟಿಗೆ ಎದ್ದು ಬರ್ತಿದ್ವಲ್ಲೋ. ಮರ್ಯಾದೆಯಾಗಿ."

ಕಂಬ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರು ಬಂದದ್ದು ಬೇರೆ ಕೆಲಸಕ್ಕೆ. "ನಿನ್ನ ಜಾಗಕ್ಕೆ ಈಗ ಬಂದಿರೋನು ಕೈ ಎತ್ತೋದೇ ಇಲ್ಲ. ಮೊಣಕೈ ಮೈಗೆ ಅಂಟಿಸ್ಕೊಂಡು ಬಾರಿಸ್ತಾನೆ. ನನಗೆ ಏನೂ ಕಾಣಲ್ಲ. ನೀನಂದ್ರೆ ಅವನಿಗೆ ಗೌರವ ಇದೆ. ಕೈ ಸ್ವಲ್ಪ ಎತ್ತಿ ಹೊಡಿ ಅಂತ ಒಂದು ಮಾತು ಹೇಳ್ತೀಯಾ? ಯಾಕೆ ಅಂತ ಹೇಳಬೇಡ."

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಪ್ಪನ ದನಿ ಮಾತ್ರ ಏರಲಿಲ್ಲ. ತುಟಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಹೇಳಲ್ಲ. ಅವನಿಗೂ ಹೇಳಲ್ಲ, ಮಾಸ್ಟರ್‌ಗೂ ಹೇಳಲ್ಲ."

"ಹಾಗಾದ್ರೆ ನಾನೇನು ಮಾಡ್ಲಿ?"

"ಕಿವಿ ಡಾಕ್ಟ್ರ ಹತ್ರ ಹೋಗು. ನಾನು ಸೋಮವಾರ ಹೋಗ್ತಿದೀನಿ."

ಕಂಬನ ಮುಖ ಸ್ವಲ್ಪ ಬಿಚ್ಚಿಕೊಂಡಿತು. ಅದನ್ನು ಕಂಡು ದೊಡ್ಡಪ್ಪ ಮತ್ತೊಂದು ಮಾತು ಸೇರಿಸಿದರು.

"ನೀನು ಮಂಗಳವಾರ ಹೋಗು."